ಮೀನು ಬಿಟ್ಟರೆ ಮೀನು ಕಮ್ಮಿಯಾಗುತ್ತೆ!
(ಹೊಳೆ ಮಾತು – ಭಾಗ 7)

ಹೊಳೆಯಲ್ಲಿ ಮೀನು ಕಮ್ಮಿಯಾದರೆ ಏನು ಮಾಡಬೇಕು? ಯಾರನ್ನೇ ಕೇಳಿ, "ಮರಿ ತಂದು ಬಿಡಿ" ಅಂತಾರೆ. ನೀವೂ ಹಾಗೇ ಅಂದ್ಕೊಂಡಿದ್ದರೆ ಈ ಕಥೆ ಓದಿ. 👇

ಅಮೆರಿಕದ ಮೊಂಟಾನಾ ರಾಜ್ಯ ದಶಕಗಳ ಕಾಲ ಅದನ್ನೇ ಮಾಡ್ತಿತ್ತು. ಸಾಕಿ ಬೆಳೆಸಿದ ಟ್ರೌಟ್ ಮೀನುಗಳನ್ನು ತಂದು ನದಿಗೆ ಸುರಿಯೋದು. ಗಾಳ ಹಾಕೋರಿಗೂ ಖುಷಿ.

1960ರ ದಶಕದ ಕೊನೆಗೆ ಡಿಕ್ ವಿನ್ಸೆಂಟ್ ಎಂಬ ಮೀನು ವಿಜ್ಞಾನಿ ಮ್ಯಾಡಿಸನ್ ನದಿಯ ಮೀನುಗಳನ್ನು ಲೆಕ್ಕ ಹಾಕಲು ಶುರು ಮಾಡಿದರು. ಅದೇ ನದಿಗೆ ಸೇರುವ ಪುಟ್ಟ ಹೊಳೆ ಓಡೆಲ್ ಕ್ರೀಕ್. ಅಲ್ಲಿದ್ದದ್ದು ಆ ನೀರಲ್ಲೇ ಹುಟ್ಟಿ ಬೆಳೆದ ಕಂದು ಟ್ರೌಟ್. ಮ್ಯಾಡಿಸನ್‌ನ ಒಂದು ಭಾಗಕ್ಕೆ ಸಾಕು ಮೀನು ಬಿಡೋದು ನಿಂತಿತು. ಓಡೆಲ್‌ಗೆ ಹೊಸದಾಗಿ ಬಿಟ್ಟರು. ನಿಲ್ಲಿಸಿದ ಕಡೆ ಕಾಡು ಟ್ರೌಟ್ ಹೆಚ್ಚಿತು. ಬಿಟ್ಟ ಕಡೆ ಕುಸಿಯಿತು!

ಯಾಕೆ ಗೊತ್ತಾ? ಟ್ರೌಟ್ ಜಾಗ ಹಿಡಿದು ಬದುಕುವ ಮೀನು. ಕಲ್ಲಿನ ಮರೆ, ರಭಸ ತಗ್ಗುವ ನೀರು, ಹುಳ ತೇಲಿ ಬರುವ ದಾರಿ. ಅಲ್ಲಿಗೆ ಗುಂಪಾಗಿ ಬೆಳೆದ ಸಾಕು ಮೀನು ನುಗ್ಗಿದರೆ ಬರೀ ಕಿತ್ತಾಟ. ಹೊಳೆಯ ಮೀನಿನ ಶಕ್ತಿ ಅದರಲ್ಲೇ ಮುಗಿಯುತ್ತೆ. ಸಾಕು ಮೀನೂ ಹೆಚ್ಚು ದಿನ ಬಾಳಲ್ಲ.

1974ರಲ್ಲಿ, ಕಾಡು ಟ್ರೌಟ್ ಇರುವ ಹೊಳೆ-ನದಿಗಳಿಗೆ ಮೀನು ಬಿಡೋದನ್ನು ಮೊಂಟಾನಾ ನಿಲ್ಲಿಸಿತು. ವಿರೋಧ ಜೋರಾಗೇ ಇತ್ತು. ಇವತ್ತು ಗರಿ, ದಾರ ಸುತ್ತಿ ಹುಳದಂತೆ ಮಾಡಿದ ಗಾಳ ಹಿಡಿದು, ಫ್ಲೈ ಫಿಶಿಂಗ್‌ಗೆ ದೂರದೂರದಿಂದ ಜನ ಅದೇ ನದಿಗಳಿಗೆ ಬರ್ತಾರೆ.

"ಕಂದು ಟ್ರೌಟೇ ಯುರೋಪಿನಿಂದ ತಂದ ಮೀನಲ್ವಾ?" ಅಂತ ನೀವು ಕೇಳಬಹುದು. ನಿಜ, 19ನೇ ಶತಮಾನದ ಕೊನೆಯಲ್ಲಿ ಬಂದದ್ದು. ಹೊಸ ನೀರಿಗೆ ಹೊರಗಿನ ಮೀನು ಬಿಡೋದನ್ನು ನಾನು ಸಮರ್ಥಿಸ್ತಿಲ್ಲ. ಇಲ್ಲಿ 'ಕಾಡು' ಅಂದರೆ ಹೊಳೆಯೇ ಹೆತ್ತದ್ದು, ಅಷ್ಟೇ. ಊಟಕ್ಕಾಗಿ ಕೆರೆಗೆ ಮರಿ ಬಿಡೋದೂ ಬೇರೆ ಲೆಕ್ಕ, ಅದು ಸಾಕಣೆ.

ನನ್ನ ತಕರಾರು ಒಂದೇ. ಮೀನು ಬಿಡೋದು ಸುಲಭ, ಫೋಟೋನೂ ಚೆನ್ನಾಗಿ ಬರುತ್ತೆ. ದಡದ ಮರ ಉಳಿಸೋದು, ನೀರು ತಂಪಾಗಿಡೋದು, ಮೊಟ್ಟೆ ಇಡುವ ಸಣ್ಣ ಕಲ್ಲುಗಳ ಮೇಲೆ ಹೂಳು ಕೂರದಂತೆ ನೋಡೋದು ಕಷ್ಟ. ಅದು ಯಾವ ಫೋಟೋದಲ್ಲೂ ಕಾಣಲ್ಲ. ಆದರೆ ಮೀನಿಗೆ ಬೇಕಾದದ್ದು ಅದೇ.

ಮುಂದೆ ಯಾರಾದರೂ "ಹೊಳೆ ಉಳಿಸಲು ಮೀನು ಬಿಡೋಣ" ಅಂದರೆ ಮೊದಲು ಕೇಳಿ: "ಇಲ್ಲಿದ್ದ ಮೀನು ಯಾಕೆ ಹೋಯ್ತು?" ಉತ್ತರ ಸಿಗೋವರೆಗೂ ಬಕೆಟ್ ಕೆಳಗಿಡಲಿ.

ನಿಮಗೇನನ್ಸುತ್ತೆ? ಕಮೆಂಟಲ್ಲಿ ಬರೀರಿ. 🐟

#ಹೊಳೆಮಾತು #ಕಂದುಟ್ರೌಟ್ #ಫ್ಲೈಫಿಶಿಂಗ್