ಒಂಟಿ ಮಾಡುವುದು ಯಾರ ಹಂಚಿಕೆ?

ನಾಯಕನಾದವನು ಖಳನನ್ನು ಒಬ್ಬನೇ ಎದುರಿಸಬೇಕು, ಅದರಲ್ಲೇ ಅವನ ಹಿರಿಮೆ ಎನ್ನುವವರಿದ್ದಾರೆ. ‘ಸ್ಟಾರ್ ವಾರ್ಸ್’ ಸಿನಿಮಾ ನೋಡಿದ ನಮ್ಮ ಯರಗುಪ್ಪಿಯ ಹುಡುಗರೂ ಹಾಗೇ ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಒಂಟಿಯಾಗಿ ನಿಲ್ಲಿಸಿದರೆ ನೋಡುವವರ ಎದೆ ನಡುಗುತ್ತದೆ. ಅದು ಕಥೆಗಾರನ ಅನುಕೂಲ, ಅಷ್ಟೇ.

1980ರ ಚಿತ್ರದಲ್ಲಿ ಲ್ಯೂಕ್ ಗುರುವಿನ ಮಾತು ಮೀರಿ ಹೋಗಿ, ಡಾರ್ತ್ ವೇಡರನೊಡನೆ ಒಬ್ಬನೇ ಕಾದಾಡಿ ಕೈ ಕಳೆದುಕೊಂಡ. ಅವನನ್ನು ಪಾರುಮಾಡಿದವರು ಲೇಯಾ ಮತ್ತು ಗೆಳೆಯರು. 1983ರ ಚಿತ್ರದಲ್ಲಿ ಅವನ ಜೀವ ಉಳಿಸಿದವನು ಮನಸ್ಸು ತಿರುಗಿದ ತಂದೆ. ಹಾಗಾದರೆ ಒಂಟಿತನ ಗೆದ್ದದ್ದೆಲ್ಲಿ?

ಕೋಳಿವಾಡದ ಕುಮಾರವ್ಯಾಸನ ಸೀಮೆಯವರಾದ ನಮಗೆ ಇದು ಹೊಸದಲ್ಲ. ದ್ರೋಣಪರ್ವ ನೆನೆಸಿಕೊಳ್ಳಿ. ಸಂಶಪ್ತಕರು ಅರ್ಜುನನನ್ನು ದೂರ ಸೆಳೆದರು. ವ್ಯೂಹದ ಬಾಗಿಲಲ್ಲಿ ಸೈಂಧವ ಉಳಿದ ಪಾಂಡವರನ್ನು ತಡೆದ. ಒಳಗೆ ಅಭಿಮನ್ಯು ಒಬ್ಬನೇ. ಮೇಲೆ ಬಿದ್ದ ಮಹಾರಥರು ಹಲವರು. ಅವನ ಶೌರ್ಯ ದೊಡ್ಡದು, ನಿಜ. ಆದರೆ ಅವನನ್ನು ಒಂಟಿ ಮಾಡಿದ್ದು ವೈರಿಯ ಹಂಚಿಕೆ.

ಅದನ್ನೇ ನಾವು ಮರೆತಿದ್ದೇವೆ. ಬಸ್ಸಿನಲ್ಲಿ ಪುಂಡರ ಕಾಟಕ್ಕೆ ಸಿಕ್ಕ ಮಗಳಿಗೆ ‘ನೀನೇ ಸಂಭಾಳಿಸಿಕೋ’ ಎನ್ನುತ್ತೇವೆ. ಗಂಡನಿಂದ ಪೆಟ್ಟು ತಿನ್ನುವವಳಿಗೆ ‘ಮನೆಯ ಮಾತು ಹೊರಗೆ ಬೇಡ’ ಎನ್ನುತ್ತೇವೆ. ಸಹಿಸಿಕೊಂಡರೆ ‘ಗಟ್ಟಿಗಿತ್ತಿ’ ಎಂದು ಹೊಗಳುತ್ತೇವೆ. ಈ ಹೊಗಳಿಕೆ ಸೈಂಧವನ ಕೆಲಸವನ್ನೇ ಮಾಡುತ್ತದೆ: ಬಾಗಿಲಲ್ಲಿ ನಿಂತು ನೆರವನ್ನು ತಡೆಯುತ್ತದೆ.

ತಾಯಂದಿರೇ, ಮಗಳಿಗೆ ಧೈರ್ಯ ಹೇಳಿದರೆ ಸಾಲದು. ನಾಳೆ ಬಸ್‌ಸ್ಟ್ಯಾಂಡಿಗೆ ಅವಳೊಂದಿಗೆ ನೀವೂ ನಡೆಯಿರಿ. ಓಣಿಯ ನಾಲ್ಕು ಮಂದಿಯನ್ನೂ ಕರೆದುಕೊಳ್ಳಿ. ಪುಂಡನಿಗೆ ಬೇಕಾದದ್ದು ಒಂಟಿ ಹುಡುಗಿ. ಅದೊಂದನ್ನು ಅವನಿಗೆ ಕೊಡಬೇಡಿ.