ಉದ್ಯೋಗಾರ್ಥಿಗಳೂ ಸಲಹೆಗಾರರೂ

ಪರೀಕ್ಷೆಗಳ ಫಲಿತಾಂಶ ಹೊರಬಿದ್ದ ಮರುದಿನದಿಂದ ನಮ್ಮ ತರುಣರ ಮೇಲೆ ಸಲಹೆಗಳ ಸುರಿಮಳೆ ಆರಂಭವಾಗುತ್ತದೆ. ಊರಿನಿಂದ ಮುಂಬಯಿಗೋ ಪುಣೆಗೋ ಬಂದಿಳಿದ ಹುಡುಗನಿಗೆ ಕೆಲಸ ದೊರೆಯುವುದು ತಡವಾಗಬಹುದು, ಮಲಗಲು ಜಾಗ ದೊರೆಯುವುದು ಇನ್ನೂ ತಡವಾಗಬಹುದು. ಸಲಹೆಗೆ ಮಾತ್ರ ಎಂದೂ ಬರವಿಲ್ಲ. ಬ್ಯಾಂಕಿಗೆ ಸೇರು ಎನ್ನುವವರೊಬ್ಬರು, ಕೊಲ್ಲಿ ರಾಷ್ಟ್ರಕ್ಕೆ ಹೋಗು ಎನ್ನುವವರೊಬ್ಬರು, ಗಲ್ಲಾಪೆಟ್ಟಿಗೆಯ ಬಳಿ ತಾಳ್ಮೆಯಿಂದ ಕುಳಿತಿದ್ದರೆ ಸ್ವಂತ ಹೊಟೇಲು ತೆರೆಯಬಹುದು ಎನ್ನುವವರು ಮತ್ತೊಬ್ಬರು. ಎಲ್ಲರೂ ಹಿತೈಷಿಗಳೇ ಸರಿ. ಆದರೆ ಹಿತೈಷಿಗಳಾಡಿದ ಮಾತೆಲ್ಲವೂ ಉಪಯುಕ್ತವಾಗಿರಬೇಕೆಂಬ ನಿಯಮವಿಲ್ಲ. ಕೆಲಸ ಅರಸುತ್ತಿರುವವನ ಬಳಿ ಕಾಲವೂ ಹಣವೂ ಮಿತವಾಗಿರುವುದರಿಂದ, ಯಾರ ಮಾತಿಗೆ ಕಿವಿಗೊಡಬೇಕೆಂಬುದು ಅವನ ಪಾಲಿಗೆ ಸಣ್ಣ ಪ್ರಶ್ನೆಯಲ್ಲ.

ಬ್ಯಾಂಕಿನ ನೌಕರಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮ್ಮ ಕರಾವಳಿಯು ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್ ಬ್ಯಾಂಕುಗಳು 1906ರಲ್ಲಿಯೂ, ಸಿಂಡಿಕೇಟ್ 1925ರಲ್ಲಿಯೂ, ವಿಜಯಾ 1931ರಲ್ಲಿಯೂ ಅಲ್ಲಿ ಜನ್ಮ ತಾಳಿದವು. ಊರಿನ ಗಣ್ಯರೊಬ್ಬರ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಬಂದ ಮೆಟ್ರಿಕ್ ಪಾಸಾದ ಹುಡುಗನು ಗುಮಾಸ್ತನಾಗಿ ಸೇರಿ, ವ್ಯವಸ್ಥಾಪಕನಾಗಿ ನಿವೃತ್ತನಾದ ಕಥೆಗಳು ನಮ್ಮ ಮನೆಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. ಆ ಕಥೆಗಳು ಸುಳ್ಳಲ್ಲ. ಅವುಗಳ ಕಾಲ ಮುಗಿದಿದೆ, ಅಷ್ಟೆ. 1969ರಲ್ಲಿ ಕೆನರಾ ಮತ್ತು ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್ ಮತ್ತು ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. 2011ರಿಂದ ಹೆಚ್ಚಿನ ಸರಕಾರಿ ಬ್ಯಾಂಕುಗಳ ಗುಮಾಸ್ತರ ಆಯ್ಕೆಯು ಬ್ಯಾಂಕಿಂಗ್ ಸಿಬ್ಬಂದಿ ಆಯ್ಕೆ ಸಂಸ್ಥೆಯ ಸಾಮಾನ್ಯ ಪರೀಕ್ಷೆಯ ಮೂಲಕವೇ ನಡೆಯುತ್ತಿದೆ. ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟು 2020ರಲ್ಲಿ ಕೆನರಾದಲ್ಲಿಯೂ, ಅದೇ ವರ್ಷ ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಹೀಗಿದ್ದರೂ “ಸಿಂಡಿಕೇಟಿನಲ್ಲಿ ನಮ್ಮವರಿದ್ದಾರೆ, ಒಂದು ಮಾತು ಹೇಳೋಣ” ಎನ್ನುವ ಸೋದರಮಾವಂದಿರು ನಮ್ಮಲ್ಲಿ ಇನ್ನೂ ಉಳಿದಿದ್ದಾರೆ. ಅವರ ಪ್ರೀತಿಯನ್ನು ಗೌರವದಿಂದ ಸ್ವೀಕರಿಸಬೇಕು. ಅವರ ಮಾತನ್ನು ನೆಚ್ಚಿ ಒಂದು ವರ್ಷ ಕಾಯಬಾರದು.

ಎರಡು ವರ್ಷಗಳ ಹಿಂದೆ ಅದೇ ಪರೀಕ್ಷೆಗೆ ಕುಳಿತು ತೇರ್ಗಡೆಯಾದ ತರುಣನ ಮಾತು ಬೇರೆಯಾಗಿರುತ್ತದೆ. ಪದವಿ ಬೇಕು, ಸಾಮಾನ್ಯ ವರ್ಗದವರಿಗೆ ವಯಸ್ಸು 20ರಿಂದ 28ರ ಒಳಗಿರಬೇಕು, ಒಂದು ಸಲಕ್ಕೆ ಒಂದೇ ರಾಜ್ಯಕ್ಕೆ ಅರ್ಜಿ ಹಾಕಬಹುದು, ಆ ರಾಜ್ಯದ ಭಾಷೆಯನ್ನು ಓದಿ ಬರೆದು ಮಾತನಾಡಲು ಬಲ್ಲವನಾಗಿರಬೇಕು—ಇವೆಲ್ಲವನ್ನೂ ಅವನು ಒಂದು ಲೋಟ ಕಾಫಿ ಆರುವುದರೊಳಗೆ ಹೇಳಿಬಿಡುತ್ತಾನೆ. ಇದರಲ್ಲಿ ಕೊನೆಯ ಎರಡು ಅಂಶಗಳು ಹೊರನಾಡ ಕನ್ನಡಿಗನಿಗೆ ಬಹು ಮುಖ್ಯವಾದವು. ಮುಂಬಯಿಯಲ್ಲಿದ್ದುಕೊಂಡು ಮಹಾರಾಷ್ಟ್ರಕ್ಕೆ ಅರ್ಜಿ ಹಾಕುವವನು ಮರಾಠಿಯನ್ನು ಬೀದಿಯ ಮಟ್ಟಕ್ಕಿಂತ ಮೇಲಾಗಿ ಕಲಿತಿರಬೇಕು. ಕರ್ನಾಟಕಕ್ಕೆ ಹಾಕುವವನು ಮನೆಯಲ್ಲಿ ಆಡುವ ಕನ್ನಡವನ್ನು ಬರೆಯಲೂ ಬಲ್ಲವನಾಗಿರಬೇಕು. ಈ ಎರಡರ ನಡುವೆ ಆಯ್ಕೆ ಮಾಡಿಕೊಳ್ಳದೆ ಅರ್ಜಿ ತುಂಬುವವನು ಪರೀಕ್ಷೆಗೆ ಕಟ್ಟಿದ ಶುಲ್ಕವನ್ನು ಕಳೆದುಕೊಂಡಂತೆಯೇ. ಸರಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸಬೇಕೆಂದು 2021ರಲ್ಲಿ ಕೇಂದ್ರ ಸರಕಾರ ತೀರ್ಮಾನಿಸಿತೆಂಬ ಸಂಗತಿಯು ನಮ್ಮ ಎಷ್ಟು ಮನೆಗಳಿಗೆ ತಲುಪಿದೆ?

ಹತ್ತಿರದವರಿಗಿಂತ ಅಷ್ಟೊಂದು ಹತ್ತಿರವಲ್ಲದ ಪರಿಚಿತರಿಂದಲೇ ಕೆಲಸದ ಸುಳಿವು ಹೆಚ್ಚಾಗಿ ದೊರೆಯುತ್ತದೆಂಬುದನ್ನು ಅಮೇರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು 1970ರ ದಶಕದಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಬೋಸ್ಟನ್ ನಗರದ ಸಮೀಪದ ನ್ಯೂಟನ್ ಎಂಬ ಊರಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ಅವರು ವಿಚಾರಿಸಿದರು. ಪರಿಚಿತರೊಬ್ಬರ ಮೂಲಕ ಕೆಲಸ ಪಡೆದವರ ಪೈಕಿ, ಆ ಪರಿಚಿತರನ್ನು ಆಗಾಗ್ಗೆ ಭೇಟಿಯಾಗುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರೆಲ್ಲ ಅಪರೂಪಕ್ಕೋ ಎಂದೋ ಒಮ್ಮೆಯೋ ಕಾಣುತ್ತಿದ್ದವರು. ಅವರು ವಿಚಾರಿಸಿದ್ದು ಅಧಿಕಾರಿಗಳನ್ನೂ ತಂತ್ರಜ್ಞರನ್ನೂ, ಹೊಟೇಲಿನ ಹುಡುಗರನ್ನಲ್ಲ. ಆದರೂ ಅದರ ಕಾರಣವು ನಮಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ಒಂದೇ ಕೋಣೆಯಲ್ಲಿ ಹತ್ತು ಮಂದಿ ಮಲಗುತ್ತಾರೆ. ಹತ್ತು ಮಂದಿಗೂ ತಿಳಿದಿರುವುದು ಅದೇ ನಾಲ್ಕು ಹೊಟೇಲುಗಳು, ಅದೇ ಮಾಲೀಕರು, ಅದೇ ಸಂಬಳ. ಹತ್ತು ಮಂದಿಯ ಸಲಹೆ ಕೇಳಿದರೂ ಒಬ್ಬನ ಸಲಹೆಯನ್ನೇ ಹತ್ತು ಸಲ ಕೇಳಿದಂತಾಗುತ್ತದೆ.

ಹಾಗಾದರೆ ದೂರದ ಪರಿಚಿತನು ಎಲ್ಲಿದ್ದಾನೆ? ಅನೇಕ ವೇಳೆ ಅವನು ಎದುರಿನ ಮೇಜಿನಲ್ಲಿಯೇ ಕುಳಿತಿರುತ್ತಾನೆ. ಮೂರು ವರ್ಷಗಳಿಂದ ದಿನವೂ ಬೆಳಿಗ್ಗೆ ಇಡ್ಲಿ ತಿಂದು ಹೋಗುವ ಲೆಕ್ಕಪರಿಶೋಧಕ, ಆಸ್ಪತ್ರೆಯ ಪ್ರಯೋಗಶಾಲೆಯ ನೌಕರ, ರೈಲ್ವೆಯ ಗುಮಾಸ್ತ—ಇವರ ರುಚಿಯೆಲ್ಲ ನಮ್ಮ ಹುಡುಗನಿಗೆ ಬಾಯಿಪಾಠ. ಅವರ ವೃತ್ತಿಯ ವಿಷಯವಾಗಿ ಒಂದು ಪ್ರಶ್ನೆಯನ್ನೂ ಅವನು ಕೇಳಿರುವುದಿಲ್ಲ. ಕೇಳುವಾಗಲೂ ಒಂದು ವಿವೇಕ ಬೇಕು. “ನನಗೊಂದು ಕೆಲಸ ಕೊಡಿಸಿ” ಎಂದರೆ ಎಂತಹ ಸಜ್ಜನನೂ ಗಡಿಯಾರ ನೋಡಿಕೊಳ್ಳುತ್ತಾನೆ, ಏಕೆಂದರೆ ಅದು ಅವನ ಕೈಯಲ್ಲಿರುವುದಿಲ್ಲ. “ತಾವು ಈ ಕೆಲಸಕ್ಕೆ ಸೇರಿದ್ದು ಹೇಗೆ? ಸಂದರ್ಶನದಲ್ಲಿ ಏನು ಕೇಳಿದರು? ಈಗ ಹೊಸಬರನ್ನು ತೆಗೆದುಕೊಳ್ಳುವಾಗ ಯಾವುದನ್ನು ನೋಡುತ್ತಾರೆ?” ಎಂದು ಕೇಳಿದರೆ ಅದೇ ಮನುಷ್ಯನು ಕೈ ತೊಳೆಯುವುದನ್ನೂ ಮರೆತು ಮಾತನಾಡುತ್ತಾನೆ. ತನ್ನ ವೃತ್ತಿಯ ಬಗ್ಗೆ ಯಾರಾದರೂ ಆಸ್ಥೆಯಿಂದ ವಿಚಾರಿಸಿದರೆಂಬ ಸಂತೋಷವು ಯಾರಿಗೂ ಬೇಡವಾದುದಲ್ಲ.

ಹಣ ಕೇಳುವ ಸಲಹೆಯ ವಿಷಯದಲ್ಲಿ ನಾವು ಹೆಚ್ಚು ಬರೆಯಬೇಕಾದುದಿಲ್ಲ. ಕೇಂದ್ರ ಸರಕಾರವು 2015ರಲ್ಲಿ ಆರಂಭಿಸಿದ ರಾಷ್ಟ್ರೀಯ ವೃತ್ತಿ ಸೇವೆಯಲ್ಲಿ ಹೆಸರು ನೋಂದಾಯಿಸಲು ಉದ್ಯೋಗಾರ್ಥಿಯು ಕಾಸು ಕೊಡಬೇಕಾಗಿಲ್ಲ. ಹಳೆಯ ಉದ್ಯೋಗ ವಿನಿಮಯ ಕೇಂದ್ರಗಳ ಅನುಭವದಿಂದ ಬೇಸತ್ತವರು ಇದನ್ನೂ ನಂಬಲು ಹಿಂಜರಿಯುವುದು ಸಹಜ. 1959ರ ಕಾಯಿದೆಯು ಖಾಲಿ ಸ್ಥಾನಗಳನ್ನು ಆ ಕೇಂದ್ರಗಳಿಗೆ ತಿಳಿಸಬೇಕೆಂದು ವಿಧಿಸಿತೇ ಹೊರತು, ಅಲ್ಲಿಂದ ಬಂದವರನ್ನೇ ನೇಮಿಸಬೇಕೆಂದು ಮಾಲೀಕರನ್ನು ಕಟ್ಟಿಹಾಕಲಿಲ್ಲ. ಆದರೂ ಉಚಿತವಾದ ಬಾಗಿಲನ್ನು ತಟ್ಟದೆ ದಲ್ಲಾಳಿಯ ಬಾಗಿಲಿಗೆ ಹೋಗುವುದು ಜಾಣತನವಲ್ಲ. ಕೊಲ್ಲಿಯ ನೌಕರಿಯ ಆಸೆ ತೋರಿಸುವವನನ್ನಂತೂ ಮೊದಲು ಸರಕಾರದ ನೋಂದಣಿಪತ್ರ ಎಲ್ಲಿದೆಯೆಂದು ಕೇಳಬೇಕು. ಉತ್ತರ ತಡವಾದರೆ ಎದ್ದು ಬರಬೇಕು.

ಅಡುಗೆಮನೆಯಲ್ಲಿ ಹತ್ತು ಹದಿನೈದು ವರ್ಷ ದುಡಿದ ಬಂಧುಗಳಿಗೂ ಒಂದು ಮಾತು. ಕಾವಲಿಯ ಮುಂದೆ ಕಲಿತ ವಿದ್ಯೆಗೆ ಕಾಗದವಿಲ್ಲವೆಂಬ ಕಾರಣದಿಂದ ದೊಡ್ಡ ಹೊಟೇಲುಗಳ ಬಾಗಿಲಿನಿಂದ ಹಿಂತಿರುಗಿದವರು ನಮ್ಮಲ್ಲಿ ಅನೇಕರು. ಶಾಲೆಗೆ ಹೋಗದೆ ಕೆಲಸದಲ್ಲಿಯೇ ಕಲಿತ ನೈಪುಣ್ಯವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಏರ್ಪಾಡು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿದೆ. ಆ ಪತ್ರದಿಂದ ಸಂಬಳ ಏರಿಯೇ ತೀರುವುದೆಂದು ನಾವು ಹೇಳಲಾರೆವು. ಆದರೆ ಕೇಳಿದಾಗ ತೋರಿಸಲು ಒಂದು ಕಾಗದವಿರುತ್ತದೆ.

ಹೊರನಾಡಿನ ನಮ್ಮ ಸಂಘಸಂಸ್ಥೆಗಳು ಪ್ರತಿಭಾವಂತ ವಿದ್ಯಾರ್ಥಿಗಳಿಗೆ ಶಾಲು ಹೊದಿಸಿ ಬಹುಮಾನ ಕೊಡುವ ಪದ್ಧತಿಯನ್ನು ನಿಷ್ಠೆಯಿಂದ ನಡೆಸಿಕೊಂಡು ಬಂದಿವೆ. ಹಗಲು ಹೊಟೇಲಿನಲ್ಲಿ ದುಡಿದವರಿಗೆ ರಾತ್ರಿ ಶಾಲೆಗಳನ್ನು ತೆರೆದು ಒಂದು ತಲೆಮಾರನ್ನೇ ಮೇಲೆತ್ತಿದ ಹಿರಿಮೆಯೂ ಮುಂಬಯಿ ಕನ್ನಡಿಗರದು. ಈಗ ಅದಕ್ಕಿಂತ ಬಹಳ ಕಡಿಮೆ ಖರ್ಚಿನ ಕೆಲಸವೊಂದಿದೆ. ಕಳೆದ ಎರಡು ಮೂರು ವರ್ಷಗಳಲ್ಲಿ ಬ್ಯಾಂಕು, ರೈಲ್ವೆ, ಆಸ್ಪತ್ರೆ, ದೊಡ್ಡ ಹೊಟೇಲುಗಳಿಗೆ ಸೇರಿದ ನಮ್ಮ ತರುಣ ತರುಣಿಯರನ್ನು ತಿಂಗಳಿಗೊಮ್ಮೆ ಸಂಘದ ಕೋಣೆಗೆ ಕರೆದು ಕೂರಿಸಬೇಕು. ಭಾಷಣ ಬೇಡ, ಹಾರ ಬೇಡ, ಕೇಳಿದ ಪ್ರಶ್ನೆಗೆ ಅವರು ಉತ್ತರ ಕೊಟ್ಟರೆ ಸಾಕು. ಭಾನುವಾರ ಸಂಜೆ ಮಾತ್ರ ಇಡಬಾರದು. ಅಂದು ಗುಮಾಸ್ತರಿಗೆ ಬಿಡುವು, ಹೊಟೇಲಿನವರಿಗೆ ಉಸಿರಾಡಲೂ ಪುರಸೊತ್ತಿಲ್ಲ. ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿಗೆ ಒಲೆ ಹೊತ್ತುವ ಮೊದಲು ದೊರೆಯುವ ಒಂದು ಗಂಟೆಯಲ್ಲಿ ಯಾವ ಸಂಘದ ಬಾಗಿಲು ತೆರೆದಿರುತ್ತದೆಂದು ತಿಳಿಸಿದರೆ, ಆ ವಿವರವನ್ನು ನಾವು ಸಂತೋಷದಿಂದ ಪ್ರಕಟಿಸುವೆವು.