ದೂರದ ಓದುಗನಿಗೆ ಗ್ರಂಥಾಲಯದ ದ್ವಾರ
ವಿಶ್ವವಿದ್ಯಾಲಯವು ಚಂದಾ ತೆತ್ತು ಪಡೆಯುವ ವಿದ್ವತ್ಪತ್ರಿಕೆಗಳ ಜಾಲತಾಣಗಳು ಬಹುಮಟ್ಟಿಗೆ ಓದುಗನ ಹೆಸರನ್ನಾಗಲಿ ವ್ಯಾಸಂಗವನ್ನಾಗಲಿ ವಿಚಾರಿಸದೆ, ಆತನ ಗಣಕಯಂತ್ರದ ಐಪಿ ವಿಳಾಸವು ವಿಶ್ವವಿದ್ಯಾಲಯದ್ದೇ ಎಂಬುದೊಂದನ್ನೇ ನೋಡಿ ಒಳಬಿಡುವುವಾದ ಕಾರಣ, ಆವರಣದೊಳಗೆ ನಿರಾಯಾಸವಾಗಿ ತೆರೆಯುತ್ತಿದ್ದ ಲೇಖನವು ರಜೆಯಲ್ಲಿ ಊರಿಗೆ ತೆರಳಿದ ಅದೇ ಸಂಶೋಧಕನಿಗೆ ಅಲಭ್ಯವಾಗಿಬಿಡುತ್ತದೆ. ಈ ಅನ್ಯಾಯಕ್ಕೆ ಪರಿಹಾರವಾಗಿ ಒದಗಿದುದು ಪ್ರಾಕ್ಸಿ ಸರ್ವರ್: ಓದುಗನ ಗುಪ್ತಪದವನ್ನು ಪರೀಕ್ಷಿಸಿ, ಅವನ ಕೋರಿಕೆಯನ್ನು ತಾನೇ ಹೊತ್ತು, ಗ್ರಂಥಾಲಯದ ವಿಳಾಸದಿಂದಲೇ ಪ್ರಕಾಶಕರಲ್ಲಿಗೆ ಹೋಗಿ, ದೊರೆತ ಪುಟವನ್ನು ತಂದೊಪ್ಪಿಸುವ ಮಧ್ಯವರ್ತಿ ಅದು. ಅಮೆರಿಕದ ಅರಿಜೋನಾ ಪ್ರಾಂತದ ಗ್ರಂಥಪಾಲಕ ಕ್ರಿಸ್ ಝಾಗರ್ 1999ರಲ್ಲಿ ರಚಿಸಿದ ಈಜಿಪ್ರಾಕ್ಸಿ ಎಂಬ ಇಂಥದೊಂದು ತಂತ್ರಾಂಶವು, 2008ರಲ್ಲಿ ಗ್ರಂಥಾಲಯಗಳ ಸಹಕಾರಿಯಾದ ಓಸಿಎಲ್‌ಸಿ ಸಂಸ್ಥೆಯ ಕೈಸೇರಿ, ಅನೇಕ ದೇಶಗಳಲ್ಲಿ ಈ ಸೇವೆಯನ್ನು ಸಲ್ಲಿಸುತ್ತಿದೆ. ಹಕ್ಕುಳ್ಳವನಿಗೆ ಹಕ್ಕನ್ನು ಮುಟ್ಟಿಸುವ ಇಂಥ ರಾಜಮಾರ್ಗವನ್ನು ಕಳ್ಳದಾರಿಯೆಂದು ಶಂಕಿಸುವುದು ತಪ್ಪು. ಹಳ್ಳಿಯ ಮನೆಯಲ್ಲಿ ಕುಳಿತು ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳು ತಮ್ಮ ಗ್ರಂಥಪಾಲಕರಲ್ಲಿ ಈ ಸೌಲಭ್ಯವನ್ನು ಸಂಕೋಚವಿಲ್ಲದೆ ಕೇಳಿ ಪಡೆಯಬೇಕು.